ಡಯಾಲಿಸಿಸ್ ಮಧ್ಯೆ ಬಿಪಿ ಇಳಿದು ಕಾಲು ಸೆಟೆಯುತ್ತಿದ್ದರೆ ಏನು ಮಾಡೋದು?

ತಾಯಿಗೆ ಡಯಾಲಿಸಿಸ್ ಶುರುವಾಗಿ ಒಂದು ತಿಂಗಳು, ಮೂರನೇ ಗಂಟೆಗೆ ಬಿಪಿ ಇಳಿದು ಕಾಲು ಸೆಟೆಯುತ್ತದೆ, ಈ ಬಿಸಿಲಲ್ಲಿ ನೀರು ಹೇಗೆ ಕಮ್ಮಿ ಮಾಡೋದು ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಕಲಬುರಗಿಯಲ್ಲಿ ಅಪ್ಪನನ್ನು ನಾಲ್ಕು ವರ್ಷದಿಂದ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿರುವ ಮಗ, ಅಷ್ಟೇ.

ನೀರಿಗಿಂತ ಮೊದಲು ಉಪ್ಪು ನೋಡಿ. ನಾವೂ ಅಪ್ಪನ ಕೈಯಿಂದ ಚೆಂಬು ಕಿತ್ತುಕೊಳ್ಳುತ್ತಿದ್ದೆವು, ಊಟಕ್ಕೆ ಮಾತ್ರ ರೊಟ್ಟಿ ಜೊತೆ ಶೇಂಗಾ ಹಿಂಡಿ, ಉಪ್ಪಿನಕಾಯಿ ಬಡಿಸುತ್ತಿದ್ದೆವು. ಬಾಯಾರದೆ ಇರುತ್ತಾ? ಒಂದು ಸೋಮವಾರ ಮೂರೂವರೆ ಕೆಜಿ ಜಾಸ್ತಿ ತೂಗಿದರು. ಮಷೀನ್ ಅಷ್ಟು ನೀರನ್ನೂ ನಾಲ್ಕು ಗಂಟೆಯಲ್ಲಿ ಎಳೆಯುವಾಗ ರಕ್ತದಲ್ಲಿರೋ ನೀರು ಬೇಗ ಕಮ್ಮಿಯಾಗುತ್ತದೆ, ಮೈಯಲ್ಲಿ ಸೇರಿಕೊಂಡ ನೀರು ಅಷ್ಟೇ ಬೇಗ ರಕ್ತಕ್ಕೆ ಬರಲ್ಲ, ಬಿಪಿ ಕುಸಿಯುತ್ತದೆ. ಅಪ್ಪ ಮೊದಲು ಒಂದರ ಹಿಂದೆ ಒಂದು ಆಕಳಿಸಿದರು. ನಿದ್ದೆ ಬಂದಿದೆ ಅಂದುಕೊಂಡೆ. ಆಮೇಲೆ ಬೆವರು, ಮೀನಖಂಡ ಮುಟ್ಟಿದರೆ ಕಲ್ಲು. ಸಿಸ್ಟರ್ ಓಡಿ ಬಂದು ನೀರು ಎಳೆಯೋದು ನಿಲ್ಲಿಸಿ, ಕಾಲು ಮೇಲೆತ್ತಿ, ಸಲೈನ್ ಬಿಟ್ಟರು. ಈಗ ಎರಡನೇ ಆಕಳಿಕೆಗೇ ಕೂಗುತ್ತೇನೆ.

ಬೆಳಿಗ್ಗೆ ಒಂದು ಬಾಟಲಿ ತುಂಬಿಡಿ. ನಮಗೆ ಡಾಕ್ಟರ್ ಕೊಟ್ಟ ಲೆಕ್ಕ, ದಿನಕ್ಕೆ ಬರುವ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್. ಚಹಾ, ಮಜ್ಜಿಗೆ, ಸಾರು ಎಲ್ಲ ಅದರಲ್ಲೇ ಬಂತು. ನಿಮ್ಮ ತಾಯಿಗೆ ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳಿ. ಮೇ ತಿಂಗಳ 42 ಡಿಗ್ರಿಯಲ್ಲಿ ಅಪ್ಪ ಸಣ್ಣ ಐಸ್ ತುಂಡು ಚೀಪುತ್ತಾರೆ, ಅದೂ ಲೆಕ್ಕಕ್ಕೇ.

ಬೆಳಗಿನ ಬಿಪಿ ಮಾತ್ರೆ ಡಯಾಲಿಸಿಸ್ ಮುಗಿದ ಮೇಲೆ ಕೊಡಬಹುದಾ ಅಂತಲೂ ಕೇಳಿ, ನೀವೇ ನಿಲ್ಲಿಸಬೇಡಿ. ಮಷೀನ್ ಮೇಲಿದ್ದಾಗ ಹೊಟ್ಟೆ ತುಂಬ ಊಟ ಬೇಡ, ಅದರಿಂದಲೂ ಇಳಿಯುತ್ತದೆ. ತೂಕ ಜಾಸ್ತಿ ಏರದಿದ್ದರೂ ಕಾಲು ಸೆಟೆಯುತ್ತಿದ್ದರೆ ಡ್ರೈ ವೇಟ್, ಅಂದರೆ ಜಾಸ್ತಿ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ, ಮತ್ತೆ ನೋಡಿ ಅನ್ನಿ. ಊಟ ಸೇರಿ ಮೈ ತುಂಬಿಕೊಂಡಿರುತ್ತಾರೆ, ಮಷೀನ್‌ಗೆ ಮಾತ್ರ ಹಳೇ ತೂಕವೇ ಹಾಕಿರುತ್ತಾರೆ.

ಉಪ್ಪು ಬಿಡಿಸಲು ಹೋಗಿ ಅಂಗಡಿಯ ಲೋ ಸೋಡಿಯಂ ಉಪ್ಪು ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಪೊಟ್ಯಾಸಿಯಂ ಏರಿದರೆ ಸೀದಾ ಹೃದಯಕ್ಕೇ ಕುತ್ತು. ನೋಡಲು ಬರುವವರೆಲ್ಲ ಪ್ರೀತಿಯಿಂದ ಎಳನೀರು ತರುತ್ತಾರಲ್ವಾ, ಅದೂ ಅದೇ. ನಮ್ಮನೆಯಲ್ಲಿ ಅದನ್ನ ತಂದವರಿಗೇ ಕುಡಿಸಿ ಕಳಿಸುತ್ತೇವೆ.