ಬ್ಯಾಂಡಿಗೆ ಹೊಸ ಗಿಟಾರಿಸ್ಟ್ ಬಂದಿದ್ದಾನೆ, ಫೆಸ್ಟಿವಲ್ ಟಿಕೆಟ್ ಮಾರಿಬಿಡಲಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹೈಸ್ಕೂಲಿನಿಂದ ಕೇಳಿಕೊಂಡು ಬಂದ ಬ್ಯಾಂಡು, ಹಳೆಯ ಗಿಟಾರಿಸ್ಟ್ ಈಗ ಅದರಲ್ಲಿಲ್ಲ, ಹೊಸಬನ ಜೊತೆ ಫೆಸ್ಟಿವಲ್ ಒಂದರಲ್ಲಿ ಆಗಲೇ ನುಡಿಸಿದ್ದಾರೆ. ಆ ಶೋದ ಫೋನ್ ವಿಡಿಯೋಗಳ ಕೆಳಗೆ ಅರ್ಧ ಜನ "ಬ್ಯಾಂಡ್ ಸತ್ತೇಹೋಯ್ತು" ಅಂತಿದ್ದಾರೆ, ಇನ್ನರ್ಧ ಜನ "ಇವನೇ ವಾಸಿ" ಅಂತಿದ್ದಾರೆ. ಮುಂದಿನ ತಿಂಗಳ ಟಿಕೆಟ್ ನಿಮ್ಮ ಕೈಯಲ್ಲಿದೆ. ಯಾರ ಮಾತು ನಂಬಬೇಕು ಅಂತ ಕೇಳಿದ್ದೀರಿ.

ಮಾರಬೇಡಿ, ಹೋಗಿ. ಯಾರ ಮಾತನ್ನು ನಂಬಬೇಕು ಅನ್ನುವುದಕ್ಕೆ ಒಂದು ಸಾಲಿನ ಉತ್ತರ ನನ್ನ ಹತ್ತಿರ ಇಲ್ಲ. ಇದೇ ಸಂಕಟವನ್ನು ನಾನು ಅಮೆರಿಕದ ಮೆಟಲ್ ಬ್ಯಾಂಡ್ ಸ್ಲೇಯರ್ ವಿಷಯದಲ್ಲಿ ಎರಡು ವರ್ಷ ಅನುಭವಿಸಿದ್ದೇನೆ, ಅದನ್ನೇ ಹೇಳುತ್ತೇನೆ.

2011ರ ಆರಂಭ. ಕೆಲಸಕ್ಕೆ ಸೇರಿ ಹೊಸದು, ಮತ್ತಿಕೆರೆಯಲ್ಲಿ ಬಾಡಿಗೆ ರೂಮು, ಜೊತೆಗೆ ಹುಬ್ಬಳ್ಳಿಯ ಒಬ್ಬ ಗೆಳೆಯ. ನಮ್ಮಿಬ್ಬರನ್ನು ಸೇರಿಸಿದ್ದೇ ಸ್ಲೇಯರ್. ಆಗ ಸುದ್ದಿ ಬಂತು: ಗಿಟಾರಿಸ್ಟ್ ಜೆಫ್ ಹ್ಯಾನ್‌ಮನ್ ತೋಳಿಗೆ ಭಯಂಕರ ಸೋಂಕು, ಚರ್ಮ ಮಾಂಸವನ್ನೆಲ್ಲ ತಿಂದುಹಾಕುವ ಜಾತಿಯದ್ದು. ಜೇಡ ಕಚ್ಚಿದ್ದರಿಂದ ಆಗಿರಬೇಕು ಅಂದರು. ಆಪರೇಷನ್ ಮೇಲೆ ಆಪರೇಷನ್, ಬೇರೆ ಕಡೆಯ ಚರ್ಮ ತಂದು ಕಸಿ ಮಾಡಿದರು. ಇತ್ತ ಆಸ್ಟ್ರೇಲಿಯಾದ ಸೌಂಡ್‌ವೇವ್ ಫೆಸ್ಟಿವಲ್‌ಗೆ ಬ್ಯಾಂಡ್ ಆಗಲೇ ಒಪ್ಪಿಕೊಂಡಾಗಿತ್ತು. ಫೆಬ್ರವರಿ ಕೊನೆಗೆ ಬ್ರಿಸ್ಬೇನ್‌ನಲ್ಲಿ ಜೆಫ್ ಜಾಗದಲ್ಲಿ ನಿಂತವರು ಎಕ್ಸೋಡಸ್ ಬ್ಯಾಂಡಿನ ಗ್ಯಾರಿ ಹೋಲ್ಟ್. ಅಷ್ಟೂ ಹಾಡುಗಳನ್ನು ಕಲಿಯಲು ಅವರಿಗೆ ಸಿಕ್ಕಿದ್ದು ಕೆಲವೇ ವಾರ.

ಆ ಜಾಗ ಎಂಥದ್ದು ಅನ್ನುವುದನ್ನು ಹೇಳದಿದ್ದರೆ ಜನ ಯಾಕೆ ಅಷ್ಟು ಉರಿದುಬಿದ್ದರು ಅನ್ನುವುದು ಅರ್ಥವಾಗುವುದಿಲ್ಲ. ಸ್ಲೇಯರ್ ಆಲ್ಬಮ್‌ಗಳ ಒಳಪುಟದಲ್ಲಿ ಹಾಡಿನ ಸಾಲುಗಳ ನಡುವೆಯೇ "ಲೀಡ್: ಹ್ಯಾನ್‌ಮನ್", "ಲೀಡ್: ಕಿಂಗ್" ಅಂತ ಅಚ್ಚು ಹಾಕಿರುತ್ತಿದ್ದರು. ಯಾವ ಸೋಲೊ, ಅಂದರೆ ಒಂದೇ ಗಿಟಾರ್ ಮುಂದೆ ಬಂದು ನುಡಿಯುವ ಭಾಗ, ಜೆಫ್‌ದು, ಯಾವುದು ಇನ್ನೊಬ್ಬ ಗಿಟಾರಿಸ್ಟ್ ಕೆರ್ರಿ ಕಿಂಗ್‌ದು ಅಂತ ಗೊತ್ತಾಗಲಿ ಅಂತ. ಗೆಳೆಯ ಆ ಹಾಳೆಗಳ ಜೆರಾಕ್ಸ್ ಇಟ್ಟುಕೊಂಡಿದ್ದ. ಮಡಚಿದಲ್ಲೆಲ್ಲ ಹರಿದು, ಸೆಲ್ಲೋಟೇಪ್ ಹಚ್ಚಿದ್ದ. ಹಾಡು ಓಡುತ್ತಿರುವಾಗ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬರುತ್ತಿದ್ದ, "ಲೀಡ್: ಹ್ಯಾನ್‌ಮನ್" ಬಂದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು, ಸೋಲೊ ಮುಗಿಯುವವರೆಗೂ ಎತ್ತುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದರೂ ಯಾರ ಕೈ ಅಂತ ಹೇಳಬಲ್ಲ ಮನುಷ್ಯ. ಇಂಥವನ ಮುಂದೆ ಮೂರನೆಯ ಕೈಯೊಂದನ್ನು ತಂದು ನಿಲ್ಲಿಸಿದರು.

ಅವನು ಸಿಟ್ಟಾದ, ನಾನು ಹೋಲ್ಟ್ ಪರ ನಿಂತೆ. ರೂಮಿನಲ್ಲಿ ಎರಡು ಪಕ್ಷವಾಯಿತು.

ಅವನ ದೂರು ಒಂದೇ: "ಭಾಳ ಸ್ವಚ್ಛ ಬಾರಸ್ತಾನ." ಜಗತ್ತಿನ ಎಷ್ಟೋ ಅಭಿಮಾನಿಗಳ ದೂರೂ ಅದೇ ಆಗಿತ್ತು. ಜೆಫ್ ಸೋಲೊ ಅಂದರೆ ಸ್ವರಗಳನ್ನು ಒಂದೊಂದಾಗಿ ಜೋಡಿಸಿದ ಮಾಲೆಯಲ್ಲ. ಗಿಟಾರಿನ ಬ್ರಿಡ್ಜಿಗೆ ಸಿಕ್ಕಿಸಿರುವ ವ್ಯಾಮಿ ಬಾರ್ ಎಂಬ ಕಂಬಿಯನ್ನು ಒತ್ತಿ ಎಳೆದು, ತಂತಿ ಸಡಿಲಿಸಿ, ಸ್ವರ ಕೂಗುವಂತೆ, ಕೆಳಗೆ ಕುಸಿಯುವಂತೆ ಮಾಡುತ್ತಿದ್ದರು. ಹೋಲ್ಟ್ ಬಂದದ್ದು ಬೇರೆ ಮನೆಯಿಂದ. ವೇಗ ಎಷ್ಟೇ ಇರಲಿ, ಅವರು ನುಡಿಸಿದರೆ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಎಲ್ಲರಿಗೂ ಬಾಯಿಪಾಠವಾಗಿದ್ದ ತುಣುಕುಗಳನ್ನು ಆದಷ್ಟೂ ಇದ್ದ ಹಾಗೇ ನುಡಿಸಿ, ಉಳಿದ ಕಡೆ ತಮ್ಮದನ್ನು ಹಾಕುತ್ತಿದ್ದರು. ನನಗೆ ಅದರಲ್ಲಿ ಮರ್ಯಾದೆ ಕಂಡಿತು. ಗೆಳೆಯನಿಗೆ ಅದೇ ತಪ್ಪಾಗಿ ಕಂಡಿತು.

ನಾವಿಬ್ಬರೂ ಇಷ್ಟೆಲ್ಲ ತೀರ್ಪು ಕೊಡುತ್ತಿದ್ದದ್ದು ಯಾವುದರ ಮೇಲೆ? ಯಾರೋ ಜನರ ಮಧ್ಯೆ ನಿಂತು ಫೋನಿನಲ್ಲಿ ಹಿಡಿದ ವಿಡಿಯೋ ಮೇಲೆ. ನೀವೂ ಈಗ ಅದನ್ನೇ ಮಾಡುತ್ತಿದ್ದೀರಿ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೆಸ್ಟಿವಲ್‌ನಲ್ಲಿ ಒಂದು ಬ್ಯಾಂಡ್ ಇಳಿದು ಇನ್ನೊಂದು ಹತ್ತುವ ನಡುವೆ ಸಿಗುವ ಸಮಯ ತೀರಾ ಕಡಿಮೆ. ಸ್ವಂತ ಶೋದಲ್ಲಿ ಮಧ್ಯಾಹ್ನವೆಲ್ಲ ಕೂತು ಸೌಂಡ್ ಚೆಕ್ ಮಾಡುತ್ತಾರೆ. ಫೆಸ್ಟಿವಲ್‌ನಲ್ಲಿ ಬಹುತೇಕ ಬ್ಯಾಂಡ್‌ಗಳಿಗೆ ವೈರು ಸರಿಯಾಗಿ ಕೂತಿದೆಯೇ, ಎಲ್ಲ ಮೈಕಿನಲ್ಲೂ ಸದ್ದು ಬರುತ್ತಿದೆಯೇ ಅಂತ ನೋಡುವಷ್ಟೇ ಪುರಸೊತ್ತು. ಹಾಗಾಗಿ ಸದ್ದು ಹೊಂದಿಸುವ ಮಿಕ್ಸರ್ ಮುಂದೆ ಕೂತವರು ಮೊದಲ ಎರಡು ಮೂರು ಹಾಡು ನಡೆಯುತ್ತಿರುವಾಗಲೇ ಯಾರ ಗಿಟಾರ್ ಎಷ್ಟು ಜೋರಿರಬೇಕು ಅಂತ ಸರಿಮಾಡಿಕೊಳ್ಳುತ್ತಿರುತ್ತಾರೆ. ಎಲ್ಲರ ಕಣ್ಣೂ ಹೊಸಬನ ಮೇಲೆ ನೆಟ್ಟಿರುವುದೂ ಆ ಹಾಡುಗಳಲ್ಲೇ, ಎಲ್ಲರ ಫೋನೂ ಮೇಲೆದ್ದಿರುವುದೂ ಆಗಲೇ. ಸಾಲದ್ದಕ್ಕೆ ಅಷ್ಟು ಜೋರು ಸದ್ದು ಬಿದ್ದಾಗ ಫೋನಿನ ಮೈಕು ಕೈಚೆಲ್ಲುತ್ತದೆ, ಎರಡು ಗಿಟಾರು ಒಂದೇ ಗೊರಗೊರ ಸದ್ದಾಗಿಬಿಡುತ್ತದೆ. ಆ ವಿಡಿಯೋ ನೋಡಿ "ಇವನ ಸೋಲೊ ಕೇಳಿಸಲೇ ಇಲ್ಲ" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅದಕ್ಕೆ ನುಡಿಸಿದವನೇ ಕಾರಣ ಅನ್ನಲಾಗದು.

ಹೋಲ್ಟ್ ಯಾರೋ ಹೊರಗಿನವರಲ್ಲ ಅನ್ನುವುದೇ ಗೆಳೆಯನೆದುರು ನನ್ನ ದೊಡ್ಡ ವಾದವಾಗಿತ್ತು. ಸ್ಲೇಯರ್ ನುಡಿಸುವ ಆ ವೇಗದ ಸಂಗೀತ, ಥ್ರ್ಯಾಶ್ ಮೆಟಲ್, ಹುಟ್ಟಿದ ಕಾಲದಿಂದಲೂ ಇದ್ದವರು. ಎಕ್ಸೋಡಸ್ ಕಟ್ಟಿದವರಲ್ಲಿ ಒಬ್ಬರಾದ ಕರ್ಕ್ ಹ್ಯಾಮೆಟ್ 1983ರಲ್ಲಿ ಮೆಟಾಲಿಕಾಗೆ ಹೋದ ಮೇಲೆ ಆ ಬ್ಯಾಂಡನ್ನು ಹೊತ್ತುಕೊಂಡು ಬಂದವರು ಇವರೇ. ಮೆಟಾಲಿಕಾ, ಮೆಗಾಡೆತ್, ಸ್ಲೇಯರ್, ಆಂಥ್ರಾಕ್ಸ್, ಈ ನಾಲ್ಕನ್ನು ಬಿಗ್ ಫೋರ್ ಅಂತಾರಲ್ಲ, ಐದನೆಯ ಹೆಸರಿದ್ದಿದ್ದರೆ ಅದು ಎಕ್ಸೋಡಸ್ ಆಗಬೇಕಿತ್ತು ಅನ್ನುವುದು ಅಭಿಮಾನಿಗಳ ಹಳೆಯ ಕೊರಗು. ನನ್ನದೂ ಅದೇ ಕೊರಗು. 2011ರ ಏಪ್ರಿಲ್ 23ರಂದು ಕ್ಯಾಲಿಫೋರ್ನಿಯಾದ ಇಂಡಿಯೊದಲ್ಲಿ ಆ ನಾಲ್ಕೂ ಬ್ಯಾಂಡು ಒಂದೇ ದಿನ ನುಡಿಸಿದವು. ಆ ವೇದಿಕೆಗೆ ಹೋಲ್ಟ್ ಹತ್ತಿದರು, ಆದರೆ ತಮ್ಮ ಬ್ಯಾಂಡಿನ ಜೊತೆಯಲ್ಲಲ್ಲ, ಕಾಯಿಲೆ ಬಿದ್ದ ಗೆಳೆಯನ ಜಾಗದಲ್ಲಿ.

ಅವತ್ತು ಸ್ಲೇಯರ್ ಸರದಿ ಮುಗಿಯುತ್ತಾ ಬಂದಾಗ ಜೆಫ್ ತಾವೇ ವೇದಿಕೆಗೆ ಬಂದರು. ಹೋಲ್ಟ್ ಜಾಗ ಬಿಟ್ಟುಕೊಟ್ಟರು. "ಸೌತ್ ಆಫ್ ಹೆವನ್", "ಏಂಜಲ್ ಆಫ್ ಡೆತ್", ಎರಡೇ ಹಾಡು. ಎರಡೂ ಜೆಫ್ ರಾಗ ಕಟ್ಟಿದವು. ಆ ತೋಳಿನಲ್ಲಿ ಮತ್ತೆ ಗಿಟಾರ್ ಹಿಡಿದದ್ದನ್ನು ಕಂಡು ಜನ ಕೂಗಿದ ಕೂಗು ಎಂಥದ್ದಿತ್ತೆಂದರೆ ವಿಡಿಯೋದಲ್ಲಿ ಸ್ವಲ್ಪ ಹೊತ್ತು ಗಿಟಾರೇ ಕೇಳುವುದಿಲ್ಲ. ನಾವಿಬ್ಬರೂ ರೂಮಿನಲ್ಲಿ ಒಂದೇ ಇಯರ್‌ಫೋನನ್ನು ಒಂದೊಂದು ಕಿವಿಗೆ ಹಾಕಿಕೊಂಡು ನೋಡಿದೆವು. ಗೆಳೆಯ ಅತ್ತ. "ವಾಪಸ್ ಬಂದಾ" ಅಂದ.

ಬರಲಿಲ್ಲ. ವೇದಿಕೆ ಮೇಲೆ ಅದೇ ಅವರ ಕೊನೆ. ಆದರೆ ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ. ಹೋಲ್ಟ್ ಬಗ್ಗೆ ಜನರ ದನಿ ಮೆತ್ತಗಾದದ್ದು ಅಲ್ಲಿಂದಲೇ ಅನ್ನುವುದು ನನ್ನ ಅನಿಸಿಕೆ. ಕೈಚಳಕಕ್ಕಲ್ಲ. ಕುರ್ಚಿ ಇನ್ನೂ ಜೆಫ್‌ದೇ, ಅವರು ಬರುವವರೆಗೆ ಹೋಲ್ಟ್ ನೋಡಿಕೊಳ್ಳುತ್ತಿದ್ದಾರೆ ಅಂತ ಎಲ್ಲರಿಗೂ ಕಣ್ಣಾರೆ ಕಂಡಿತು. ಹೋಲ್ಟ್ ಕೂಡ ತಾನು ನಿಂತಿರುವುದು ಗೆಳೆಯನ ಜಾಗದಲ್ಲಿ ಅನ್ನುವುದನ್ನು ಎಲ್ಲೂ ಮರೆಮಾಡಲಿಲ್ಲ.

2012ರ ಅಕ್ಟೋಬರ್ 20ರಂದು ಸ್ಲೇಯರ್ ಬೆಂಗಳೂರಿಗೇ ಬಂತು, ಥಣಿಸಂದ್ರದ ಕಡೆಯ ಭಾರತೀಯ ಸಿಟಿ ಮೈದಾನಕ್ಕೆ. ಗೆಳೆಯ ಹಿಂದಿನ ರಾತ್ರಿ ಕೂತು ಕಪ್ಪು ಟೀಶರ್ಟಿನ ಬೆನ್ನಿಗೆ ಬಿಳಿ ಪೇಂಟ್ ಮಾರ್ಕರಿನಲ್ಲಿ ಕನ್ನಡದಲ್ಲಿ "ಜೆಫ್" ಅಂತ ಬರೆದ. ಫ ಅಕ್ಷರದ ಹೊಟ್ಟೆಯೊಳಗೆ ಬಣ್ಣ ಹರಡಿಕೊಂಡಿತ್ತು. ಅದನ್ನೇ ಹಾಕಿಕೊಂಡು ಬಂದು, ಕೈಕಟ್ಟಿ ನಿಂತ. ಸುತ್ತ ಸಾವಿರಾರು ಜನ "ಸ್ಲೇಯರ್" ಅಂತ ಒಂದೇ ಪದವನ್ನು ಎಳೆದೆಳೆದು ಕೂಗುತ್ತಿದ್ದರೆ ಇವನು ಹಾಡು ಹಾಡಿನ ನಡುವೆ "ಜೆಫ್" ಅಂತ ಒಬ್ಬನೇ ಕೂಗುತ್ತಿದ್ದ.

ಗಾಯಕ ಟಾಮ್ ಅರಾಯಾಗೆ 2010ರಲ್ಲಿ ಕುತ್ತಿಗೆಯ ಆಪರೇಷನ್ ಆಗಿತ್ತು, ಅಲ್ಲಿಂದೀಚೆಗೆ ತಲೆ ಬೀಸುವಂತಿರಲಿಲ್ಲ, ನೆಟ್ಟಗೆ ನಿಂತು ಹಾಡಿದರು. ಹಿಂದೆ ಡೇವ್ ಲೊಂಬಾರ್ಡೊ ಡ್ರಮ್ಸ್. ಮೊದಲೆರಡು ಹಾಡಿನಲ್ಲಿ ಹೋಲ್ಟ್ ಗಿಟಾರ್ ನಮಗೆ ಸರಿಯಾಗಿ ಕೇಳಿಸಲೇ ಇಲ್ಲ. ಮೂರನೆಯದರಲ್ಲಿ ಗೆಳೆಯನ ಕಡೆ ನೋಡಿದೆ. ಕೈ ಕಟ್ಟಿಕೊಂಡೇ ಇದ್ದ, ಆದರೆ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಬಲಗೈಯ ಹೆಬ್ಬೆರಳು ತೋರುಬೆರಳು ತಂತಿ ಮೀಟುವ ಪಿಕ್ ಹಿಡಿದ ಹಾಗೆ ಜೋಡಿಕೊಂಡು ಅಲ್ಲಾಡುತ್ತಿದ್ದವು. ಅವನು ಸೋಲೊಗೆ ಕಾಯುತ್ತಿರಲಿಲ್ಲ, ರಿಫ್ ಹಿಡಿದಿದ್ದ, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಆಮೇಲೆ ನನ್ನ ಕಿವಿಗೆ ಬಾಯಿಟ್ಟು ಕೂಗಿದ: "ಬಲಗೈ ನೋಡಲೇ, ಬಲಗೈ!"

ಸೋಲೊ ಯಾರದು ಅಂತ ಒಂದೂವರೆ ವರ್ಷ ನನ್ನ ಜೊತೆ ಜಗಳವಾಡಿದವನಿಗೆ ಕೊನೆಗೆ ಕಂಡಿದ್ದು ಅದು. ಸ್ಲೇಯರ್ ಹಾಡೊಂದರಲ್ಲಿ ಸೋಲೊ ಇರುವುದು ಕೆಲವು ಸೆಕೆಂಡು. ಉಳಿದದ್ದೆಲ್ಲ ಇಬ್ಬರು ಗಿಟಾರಿಸ್ಟ್‌ಗಳ ಬಲಗೈ ಒಂದೇ ಕೈ ಆಗಿ ಓಡುವುದು. ಅಷ್ಟು ವೇಗದಲ್ಲಿ ಕೂದಲೆಳೆಯಷ್ಟು ಹಿಂದುಮುಂದಾದರೂ ಹಾಡು ಕೆಸರಾಗುತ್ತದೆ. ಆವತ್ತು ಕೆಸರಾಗಲಿಲ್ಲ. ಗಿಟಾರಿಸ್ಟ್ ಬದಲಾದಾಗ ಜನ ಸ್ವರ ಹಿಡಿಯುವ ಎಡಗೈ ನೋಡುತ್ತಾರೆ, ಹಾಡು ನಿಂತಿರುವುದು ತಂತಿ ಮೀಟುವ ಬಲಗೈ ಮೇಲೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2013ರ ಮೇ 2ರಂದು ಜೆಫ್ ತೀರಿಕೊಂಡರು, ವಯಸ್ಸು 49. ಕುಡಿತದಿಂದ ಯಕೃತ್ತು ಹಾಳಾಗಿತ್ತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಲೊಂಬಾರ್ಡೊ ಕೂಡ ದುಡ್ಡಿನ ತಕರಾರಿನಲ್ಲಿ ಹೊರಬಿದ್ದಿದ್ದರು. ಹೋಲ್ಟ್ ನುಡಿಸುವುದೇನೂ ಬದಲಾಗಿರಲಿಲ್ಲ, ಆದರೂ "ಪರವಾಗಿಲ್ಲ" ಅನ್ನುತ್ತಿದ್ದ ಎಷ್ಟೋ ಜನ ಈಗ "ಇನ್ನು ನಿಲ್ಲಿಸಿಬಿಡಿ" ಅಂದರು. ಕುರ್ಚಿ ಕಾಯುತ್ತಿದ್ದವರು ರಾತ್ರಿ ಬೆಳಗಾಗುವುದರಲ್ಲಿ ಕುರ್ಚಿ ಹಿಡಿದವರಾದರು. ಅದೇ ಮನುಷ್ಯ, ಅದೇ ಗಿಟಾರು. ಮುಂದಿನ ಶೋಗಳಲ್ಲಿ ಜೆಫ್ ಹೆಸರನ್ನು ಬಿಯರ್ ಬಾಟಲಿಯ ಲೇಬಲ್ ಹಾಗೆ ಬರೆದ ದೊಡ್ಡ ಪರದೆಯನ್ನು ಹಿಂದೆ ಬಿಟ್ಟು ನುಡಿಸಿದರು. ಆ ಪರದೆ ನೋಡಿ ಕೆಲವರು ಕಣ್ಣೀರು ಹಾಕಿದರು, ಕೆಲವರಿಗೆ ಸಿಟ್ಟು ಬಂತು. ಎರಡನ್ನೂ ನಾನು ತಪ್ಪು ಅನ್ನಲಾರೆ.

ಯಾಕೆ ಅನ್ನಲಾರೆ ಅಂದರೆ ನಮ್ಮ ಮನೆಯಲ್ಲೇ ಇದನ್ನು ನೋಡಿದ್ದೆ. ನಮ್ಮದು ಕುಂದಾಪುರದ ಕಡೆ. ಯಕ್ಷಗಾನದ ಭಾಗವತರಾದ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದ ಮೇಲೆ ಅಪ್ಪ ಒಂದಷ್ಟು ಕಾಲ ಆಟಕ್ಕೇ ಹೋಗಲಿಲ್ಲವಂತೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಮತ್ತೆ ಹೋಗುತ್ತಿದ್ದರು, ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಬೆಳಗಿನ ಜಾವ ವಾಪಸ್ ನಡೆದು ಬರುವಾಗ ಯಾರು ಎಷ್ಟೇ ಚೆನ್ನಾಗಿ ಹಾಡಿರಲಿ, ಅವರ ಮಾತು ಒಂದೇ: "ಪದ ಲಾಯ್ಕ್ ಇತ್ತ್ ಮಾರಾಯಾ, ಆರೆ ನಾವಡ್ರ್ ಅಲ್ಲ." ಆ ಭಾಗವತರ ಮೇಲೆ ಅಪ್ಪನಿಗೆ ಒಂದಿಷ್ಟೂ ಕೋಪ ಇರಲಿಲ್ಲ. ಹೋಲ್ಟ್ ಬಗ್ಗೆ ಜನ ಬರೆದದ್ದನ್ನು ಓದುವಾಗ ನನಗೆ ಕೇಳಿಸಿದ್ದು ಅಪ್ಪನ ದನಿ.

ಅದಕ್ಕೇ ನಿಮ್ಮನ್ನು ಒಂದು ಕೇಳಬೇಕು: ನಿಮ್ಮ ಬ್ಯಾಂಡಿನ ಹಳೆಯ ಗಿಟಾರಿಸ್ಟ್ ಬಿಟ್ಟು ಹೋದದ್ದಾ, ತೆಗೆದುಹಾಕಿದ್ದಾ, ತೀರಿಹೋದದ್ದಾ? ನೀವು ಬರೆದಿಲ್ಲ. ತೀರಿಹೋಗಿದ್ದರೆ ಲೆಕ್ಕ ಬೇರೆ. ಪ್ಯಾಂಟೆರಾ ಅನ್ನುವ ಮೆಟಲ್ ಬ್ಯಾಂಡಿನ ಹೆಸರಿನಲ್ಲಿ 2022ರ ಡಿಸೆಂಬರ್‌ನಲ್ಲಿ ಮೆಕ್ಸಿಕೋದ ಫೆಸ್ಟಿವಲ್ ಒಂದರಲ್ಲಿ ಜಾಕ್ ವೈಲ್ಡ್ ನುಡಿಸಿದರು. ಅವರು ಆ ಬ್ಯಾಂಡಿನ ಹಳೆಯ ಗಿಟಾರಿಸ್ಟ್ ಡೈಮ್‌ಬ್ಯಾಗ್ ಡ್ಯಾರೆಲ್‌ಗೆ ಆಪ್ತ ಗೆಳೆಯ. ಡ್ಯಾರೆಲ್‌ರನ್ನು 2004ರಲ್ಲಿ ವೇದಿಕೆಯ ಮೇಲೇ ಗುಂಡಿಟ್ಟು ಕೊಂದಿದ್ದರು. ಅಂಥ ಕಡೆ ಹೋಗಲಾರೆ ಅನ್ನುವವರನ್ನು ಬನ್ನಿ ಅಂತ ನಾನು ಒತ್ತಾಯ ಮಾಡುವುದಿಲ್ಲ. ಬದುಕಿರುವವರು ಬಿಟ್ಟು ಹೋಗಿದ್ದರೆ ಮಾತ್ರ ಮನಸ್ಸನ್ನು ಸ್ವಲ್ಪ ಗಟ್ಟಿ ಮಾಡಿಕೊಂಡು ಹೋಗಿ ಅನ್ನುತ್ತೇನೆ.

ಹೋದಾಗ ಮೊದಲ ಮೂರು ಹಾಡಿಗೆ ಫೋನ್ ಜೇಬಿನಲ್ಲಿರಲಿ, ತೀರ್ಪೂ ಜೇಬಿನಲ್ಲಿರಲಿ. ಮಿಕ್ಸರ್ ಇಟ್ಟಿರುವ ಕಡೆಗೆ ಹೋಗಿ ನಿಲ್ಲಿ, ಸದ್ದು ಹದವಾಗಿ ಕೇಳುವುದು ಅಲ್ಲೇ. ನಾಲ್ಕನೆಯ ಹಾಡಿನಿಂದ ಬಲಗೈ ನೋಡಿ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ, ನಾವು ಹಾಕಿಕೊಳ್ಳದೆ ಎರಡು ದಿನ ಕಿವಿಯೊಳಗೆ ಸಿಳ್ಳೆ ಕೇಳಿದ್ದೇವೆ.

ಬಂದ ಮೇಲೆ ಇಲ್ಲೇ ಕೆಳಗೆ ಬರೆಯಿರಿ, ಎಷ್ಟನೆಯ ಹಾಡಿನಲ್ಲಿ ನಿಮ್ಮ ಕಣ್ಣು ಹಳಬನನ್ನು ಹುಡುಕುವುದನ್ನು ಬಿಟ್ಟಿತು ಅಂತ. ಜೆಫ್ ಹೆಸರು ಬೆನ್ನ ಮೇಲೆ ಬರೆದುಕೊಂಡು ಬಂದಿದ್ದ ನನ್ನ ಗೆಳೆಯನಿಗೆ ಮೂರನೆಯದರಲ್ಲಿ. ಒಂದೂವರೆ ವರ್ಷ ಹೋಲ್ಟ್ ಪರ ವಾದಿಸಿದ್ದ ನಾನು ಕೊನೆಯ ಹಾಡು ಮುಗಿದು ಲೈಟ್ ಹಾಕುವವರೆಗೂ ಜೆಫ್ ಎಲ್ಲಿಂದಾದರೂ ನಡೆದು ಬರುತ್ತಾರೇನೋ ಅಂತ ವೇದಿಕೆಯ ಪಕ್ಕದ ಕತ್ತಲನ್ನೇ ನೋಡುತ್ತಿದ್ದೆ.