ತವರು ಆ ಕಡೆ, ರೇಷನ್ ಕಾರ್ಡು ಈ ಕಡೆ

ವಿಜಯಪುರ, ಬೆಳಗಾವಿ ಕಡೆಯವರಿಗೂ ಗಡಿಯಾಚೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯವರಿಗೂ ಹೆಣ್ಣು ಕೊಟ್ಟು ತರುವ ಸಂಬಂಧ ಹಳೆಯದು. ಹಾಗಾಗಿ ‘ಸೊಸೆಗೆ ಯಾವ ಸರ್ಕಾರದ ದುಡ್ಡು ಬರುತ್ತದೆ’ ಎಂದು ನೀವು ಕೇಳಿದ್ದಕ್ಕೆ ಯೋಜನೆ ನೋಡಿ ಉತ್ತರ ಹೇಳಬೇಕು.

ಹೆಚ್ಚು ಗೊಂದಲ ಗರ್ಭಿಣಿ, ಬಾಣಂತಿಯರಿಗೆ ದುಡ್ಡು ಕೊಡುವ ಕೇಂದ್ರದ ಮಾತೃ ವಂದನಾ ಯೋಜನೆಯದು, ಏಕೆಂದರೆ ಚೊಚ್ಚಲ ಹೆರಿಗೆ ತವರಿನಲ್ಲಿ. ಮೊದಲ ಮಗುವಿಗೆ ₹5000. ಹೆಸರು ಬರೆಸಿ, ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ಒಂದು ತಪಾಸಣೆಯಾದರೂ ಆಗಿದ್ದರೆ ₹3000. ಜನನ ನೋಂದಣಿಯಾಗಿ, ಹದಿನಾಲ್ಕು ವಾರದವರೆಗಿನ ಲಸಿಕೆ ಮುಗಿದರೆ ₹2000. ಎರಡನೆಯದು ಹೆಣ್ಣಾದರೆ ಒಂದೇ ಕಂತಿನಲ್ಲಿ ₹6000. ಗಂಡನ ಊರಿನ ಅಂಗನವಾಡಿಯಲ್ಲಿ ಅರ್ಜಿ ಹಾಕಿದವರು ಬಾಣಂತನಕ್ಕೆ ಹೋಗುವಾಗ ತಾಯಿ ಕಾರ್ಡು ಬಿಟ್ಟು ಹೋಗಬಾರದು. ಅಲ್ಲಿ ಇನ್ನೊಂದು ಮಾಡಿಸಿದರೆ ತಪಾಸಣೆ ಒಂದರಲ್ಲಿ, ಲಸಿಕೆ ಮತ್ತೊಂದರಲ್ಲಿ ಉಳಿದು ಎರಡನೇ ಕಂತು ನಿಲ್ಲುತ್ತದೆ. ಜನನ ಪ್ರಮಾಣಪತ್ರ ಹೆರಿಗೆಯಾದ ಊರಿನದೇ. ಜತ್ತದಲ್ಲಿ ಹುಟ್ಟಿದ ಕೂಸಿಗೆ ಇಲ್ಲಿಯ ಪಂಚಾಯಿತಿ ಕೊಡುವುದಿಲ್ಲ. 21 ದಿನದೊಳಗೆ ಬರೆಸಿ, ತಾಯಿಯ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇದೆಯೇ ಎಂದು ಅಲ್ಲೇ ನೋಡಿ. ಆ ಕಡೆ ಹೆಸರಿನ ನಡುವೆ ಮದುವೆಗೆ ಮುಂಚೆ ಅಪ್ಪನ ಹೆಸರು, ಆಮೇಲೆ ಗಂಡನದು ಸೇರಿಸುತ್ತಾರೆ. ಪ್ರಮಾಣಪತ್ರದಲ್ಲಿ ಗಂಡನ ಹೆಸರು, ಆಧಾರ್‌ನಲ್ಲಿ ಅಪ್ಪನ ಹೆಸರು ಉಳಿದಿರುವುದೇ ಹೆಚ್ಚು.

ಗೃಹಲಕ್ಷ್ಮಿಯ ₹2000 ಕರ್ನಾಟಕದ ರೇಷನ್ ಕಾರ್ಡಿನ ಯಜಮಾನಿಗೆ, ಕಾರ್ಡಿಗೊಬ್ಬಳಿಗೆ. ಕೂಡು ಕುಟುಂಬದಲ್ಲಿ ಅದು ಅತ್ತೆಗೆ, ಸೊಸೆಗಲ್ಲ. ಆ ಯಜಮಾನಿ ಅಥವಾ ಅವಳ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅದೂ ಇಲ್ಲ. ‘ಒಂದು ದೇಶ ಒಂದು ಕಾರ್ಡು’ ಎಂದು ಮಹಾರಾಷ್ಟ್ರದ ಕಾರ್ಡು ಹಿಡಿದು ಬರುವವರಿದ್ದಾರೆ. ಅದಕ್ಕೆ ಅಕ್ಕಿ ಸಿಗುತ್ತದೆ, ಗೃಹಲಕ್ಷ್ಮಿ ಸಿಗುವುದಿಲ್ಲ. ಸೊಸೆಯ ಹೆಸರನ್ನು ಇಲ್ಲಿ ಸೇರಿಸಬೇಕಾದರೆ ಮೊದಲು ತವರಿನ ಕಾರ್ಡಿನಿಂದ ತೆಗೆಸಬೇಕು.

ಇಲ್ಲಿಂದ ಆ ಕಡೆ ಹೋದ ಹುಡುಗಿಯ ಲೆಕ್ಕ ಬೇರೆ. ಅಲ್ಲಿಯ ಲಾಡಕಿ ಬಹೀಣ್ ಯೋಜನೆಯ ₹1500 ಮನೆಯ ಯಜಮಾನಿಗೇ ಎಂದಿಲ್ಲ. ವಯಸ್ಸು 21ರಿಂದ 65, ಮನೆಯ ವರ್ಷದ ಆದಾಯ ಎರಡೂವರೆ ಲಕ್ಷದೊಳಗೆ ಇರಬೇಕು. ಹೊರರಾಜ್ಯದಲ್ಲಿ ಹುಟ್ಟಿದವಳಾದರೆ ಗಂಡನ ಜನ್ಮದಾಖಲೆ ಅಥವಾ ಶಾಲೆ ಬಿಟ್ಟ ದಾಖಲೆ ನಡೆಯುತ್ತದೆ. ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಿ.

ಇನ್ನು ‘ಮಂಜೂರಾಗಿದೆ, ದುಡ್ಡು ಬಂದಿಲ್ಲ’ ಎನ್ನುವವರು. ಹಣ ಹೋಗುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಅದು ತವರಿನ ಬ್ಯಾಂಕಿನದಾಗಿದ್ದರೆ ಇಲ್ಲಿಯ ಪಾಸ್‌ಬುಕ್ ಎಷ್ಟು ಸಲ ಎಂಟ್ರಿ ಮಾಡಿಸಿದರೂ ಖಾಲಿಯೇ. ‘ಮೈಆಧಾರ್’ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ (ಖಾತೆ ಜೋಡಣೆಯ ಸ್ಥಿತಿ) ನೋಡಿದರೆ ಯಾವ ಬ್ಯಾಂಕು ಎಂದು ತಿಳಿಯುತ್ತದೆ.