ಊರು ಬದಲಾದರೆ ಟ್ರಾನ್ಸಿಟ್ ನಂಬರ್ ಬದಲಾಗುತ್ತಾ?

ಪ್ರಶ್ನೆ: ಮಗಳು ಕೆನಡಾಕ್ಕೆ ಓದಲು ಹೋದಾಗ ಹ್ಯಾಲಿಫ್ಯಾಕ್ಸ್‌ನಲ್ಲಿ ಖಾತೆ ತೆರೆದಿದ್ದಳು. ಈಗ ಟೊರಾಂಟೊದಲ್ಲಿ ಕೆಲಸ. ಸಂಬಳದ ಫಾರಂನಲ್ಲಿ ಟ್ರಾನ್ಸಿಟ್ ನಂಬರ್ ಕೇಳಿದ್ದಾರೆ. ಈಗಿನ ಮನೆ ಹತ್ತಿರದ ಶಾಖೆಯದು ಬರೆಯಬೇಕಾ? ಅಮೆರಿಕದಲ್ಲಿರುವ ಅಣ್ಣನ ಮಗ 9 ಅಂಕಿಯ ರೂಟಿಂಗ್ ನಂಬರ್ ಸಾಕು ಅಂತಾನೆ. ನಮಗೆ ಗೊತ್ತಿರೋದು ಐಎಫ್‌ಎಸ್‌ಸಿ ಒಂದೇ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಹ್ಯಾಲಿಫ್ಯಾಕ್ಸ್ ಶಾಖೆಯದನ್ನೇ ಬರೆಯಲಿ. ಟ್ರಾನ್ಸಿಟ್ ನಂಬರ್ ಖಾತೆ ಇರುವ ಶಾಖೆಯ ಗುರುತು, ನಮ್ಮ ಐಎಫ್‌ಎಸ್‌ಸಿಯ ಕೊನೆಯ 6 ಅಕ್ಷರ ಇದ್ದ ಹಾಗೆ. ಖಾತೆಯನ್ನೇ ಬೇರೆ ಶಾಖೆಗೆ ವರ್ಗ ಮಾಡಿಸದಿದ್ದರೆ ಮಗಳು ಎಷ್ಟು ಊರು ತಿರುಗಿದರೂ ಅದು ಹಾಗೇ ಇರುತ್ತೆ.

ದಯವಿಟ್ಟು ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ್ದನ್ನು ಬರೆಯೋದು ಬೇಡ. ಅಲ್ಲಿನ ಕೆಲವು ಬ್ಯಾಂಕ್‌ಗಳಲ್ಲಿ ಖಾತೆ ಸಂಖ್ಯೆ ಬರೀ 7 ಅಂಕಿ, ಅದೇ ಸಂಖ್ಯೆ ಇನ್ನೊಂದು ಶಾಖೆಯಲ್ಲೂ ಇರಬಹುದು, ಹಾಗಾಗಿ ಶಾಖೆಯ ನಂಬರ್ ಜೊತೆಗಿದ್ದರೇನೇ ಅದು ಯಾರ ಖಾತೆ ಅಂತ ಪಕ್ಕಾ ಆಗೋದು. ಮೊದಲ ಸಂಬಳವೇ ಸಿಕ್ಕಿಹಾಕಿಕೊಂಡರೆ ಬಾಡಿಗೆ ಕಟ್ಟೋಕೂ ಕಷ್ಟ, ಅಲ್ವಾ?

ಚೆಕ್ ಇದ್ದರೆ ಅದರ ಕೆಳಗಿನ ಸಾಲು ನೋಡಲಿ. ಎಡಗಡೆ ಚೆಕ್ ನಂಬರ್, ಆಮೇಲೆ 5 ಅಂಕಿಯ ಟ್ರಾನ್ಸಿಟ್, ಸಣ್ಣ ಗೆರೆ, 3 ಅಂಕಿಯ ಇನ್‌ಸ್ಟಿಟ್ಯೂಷನ್ ನಂಬರ್, ಕೊನೆಗೆ ಖಾತೆ ಸಂಖ್ಯೆ. ಆ 3 ಅಂಕಿ ಬ್ಯಾಂಕಿನದು: ಆರ್‌ಬಿಸಿ 003, ಟಿಡಿ 004, ಹೀಗೆ. ಚೆಕ್ ಪುಸ್ತಕ ಇಲ್ಲದಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಡೈರೆಕ್ಟ್ ಡೆಪಾಸಿಟ್ ಫಾರಂ ಸಿಗುತ್ತೆ, ಮೂರೂ ಅದರಲ್ಲೇ ಇರುತ್ತವೆ.

ಅಣ್ಣನ ಮಗ ಹೇಳಿದ್ದು ಅಮೆರಿಕದ ಲೆಕ್ಕ. ಅಲ್ಲಿನ ದೊಡ್ಡ ಬ್ಯಾಂಕ್‌ಗಳಲ್ಲಿ ಎಷ್ಟೋ ಶಾಖೆಗಳಿಗೆ ಒಂದೇ ರೂಟಿಂಗ್ ನಂಬರ್. ಕೆನಡಾದಲ್ಲೂ ಕೆಲವು ಫಾರಂಗಳು 9 ಅಂಕಿ ಕೇಳುತ್ತವೆ, ಜಾಸ್ತಿ ಜನ ಎಡವೋದು ಇಲ್ಲೇ. ಚೆಕ್‌ನಲ್ಲಿ ಶಾಖೆ ಮೊದಲು, ಇದರಲ್ಲಿ ಬ್ಯಾಂಕ್ ಮೊದಲು: ಒಂದು ಸೊನ್ನೆ, ಬ್ಯಾಂಕಿನ 3, ಶಾಖೆಯ 5. ಉದಾಹರಣೆಗೆ ಟ್ರಾನ್ಸಿಟ್ 12345, ಬ್ಯಾಂಕ್ 003 ಇದ್ದರೆ 000312345.

ನೀವು ಇಲ್ಲಿಂದ ದುಡ್ಡು ಕಳಿಸುವಾಗಲೂ ಇವೇ ನಂಬರ್ ಬೇಕು, ಜೊತೆಗೆ ಆ ಬ್ಯಾಂಕಿನ ಸ್ವಿಫ್ಟ್ ಕೋಡ್ (ದೇಶದಿಂದ ದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕನ್ನು ಗುರುತಿಸುವ ಕೋಡ್). ಫಾರಂನಲ್ಲಿ ಐಬ್ಯಾನ್ (ಯುರೋಪ್ ಮುಂತಾದ ಕಡೆ ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಅಂತ ಕಂಡರೆ ಗಾಬರಿ ಬೇಡ, ಕೆನಡಾದ ಖಾತೆಗಳಿಗೆ ಅದು ಇಲ್ಲ.